ಪೂಜೆಗಿಟ್ಟ ಕ್ಯಾಸೆಟ್

ಆಯುಧಪೂಜೆಯ ಬೆಳಿಗ್ಗೆ ಹೋಳಿಗೆಗೆ ಬೇಳೆ ಬಸಿಯುತ್ತಿದ್ದೆ. ಪಕ್ಕದ ಮನೆಯಾಕೆ ಹಿತ್ತಲ ಬಾಗಿಲಲ್ಲಿ ನಿಂತು, "ನಿಮ್ ಮಗಳ ಕನ್ನಡ ಮಿಸ್ ಹೋಗ್ಬಿಟ್ರಂತೆ ಕಣ್ರೀ. ರಾತ್ರಿ ಎದೆನೋವು ಬಂತಂತೆ" ಎಂದರು.

ಎಂಬತ್ತರ ದಶಕದ ಮೊದಲ ವರ್ಷಗಳು. ಮಗಳು ಜಯನಗರದ ಶಾಲೆಯಲ್ಲಿ ಐದನೇ ಕ್ಲಾಸು. ಕೇಳಿದ್ದನ್ನು ಮರೆಯುತ್ತಿರಲಿಲ್ಲ, ಪುಸ್ತಕ ತೆರೆದರೆ ಮಾತ್ರ ಅಕ್ಷರಗಳು ಒಂದರ ಮೇಲೊಂದು ಹತ್ತಿದಂತೆ ಕಾಣುತ್ತಿದ್ದವು. ದಡ್ಡಿ ಎಂದು ಹಿಂದಿನ ಬೆಂಚಿಗೆ ಹಾಕಿದ್ದರು. ಆಮೇಲೆ ಈ ಮಿಸ್ಸು ಬಂದರು. ತಮ್ಮ ಮನೆಯ ಟೇಪ್ ರೆಕಾರ್ಡರನ್ನು ಚೀಲದಲ್ಲಿಟ್ಟುಕೊಂಡು ಬನಶಂಕರಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಒಂದೇ ಪಾಠ, ತಮ್ಮದೇ ದನಿಯಲ್ಲಿ ಓದಿ ತುಂಬಿಸಿದ ಬೇರೆಬೇರೆ ಕ್ಯಾಸೆಟ್. ಮನೆಯಲ್ಲಿ ತಮಿಳು ಆಡುವ ಮಕ್ಕಳಿಗೆ ಕಷ್ಟದ ಪದ ಬಿಡಿಸಿ ಹೇಳಿದ್ದು. ನನ್ನ ಮಗಳಂಥವರಿಗೆ, ಬೆರಳಿಟ್ಟು ಹಿಂದೆಯೇ ಬರಲಿ ಎಂದು ನಿಧಾನವಾಗಿ ಓದಿದ್ದು. ಚುರುಕಿನವರಿಗೂ ಒಂದಿತ್ತು, ಕೊನೆಯಲ್ಲಿ ಪ್ರಶ್ನೆ ಕೇಳುವಂಥದ್ದು.

"ಬಾಯಿ ಸಾಲ್ದು ಅಂತ ಪೆಟ್ಟಿಗೆ ಹೊತ್ಕೊಂಡ್ ಬರ್ತಾರೆ" ಎಂದು ಕೆಲವು ತಾಯಂದಿರು ಆಡಿಕೊಳ್ಳುತ್ತಿದ್ದರು.

ದಸರಾ ರಜೆಗೆ ಮುಂಚೆ ಮಿಸ್ಸು ನಿಧಾನದ ಕ್ಯಾಸೆಟ್ಟನ್ನು ಮಗಳಿಗೆ ಕೊಟ್ಟು, "ರಜೆ ಮುಗಿಸ್ಕೊಂಡ್ ಬಂದು ಈ ಪಾಠ ನೀನೇ ನಂಗೆ ಓದಿ ತೋರಿಸ್ಬೇಕು" ಎಂದಿದ್ದರು.

ಸರಸ್ವತಿ ಪೂಜೆಗೆ ಪುಸ್ತಕ ಇಟ್ಟಾಗ ಅವಳು ಆ ಕ್ಯಾಸೆಟ್ಟನ್ನೂ ಇಟ್ಟಿದ್ದಳು. ಅವಳ ಪುಸ್ತಕ ಅದೇ ತಾನೆ. ಇಟ್ಟಿದ್ದನ್ನು ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ.

ಸುದ್ದಿ ಕೇಳಿ, "ಅಜ್ಜಿ, ಒಂದ್ಸಲ ಹಾಕ್ಲಾ? ಮಿಸ್ ಮಾತು ಕೇಳ್ಬೇಕು" ಎಂದಳು.

ನಮ್ಮತ್ತೆ ಮಡಿಯವರು. "ನಾಳೆ ಬೆಳಿಗ್ಗೆ, ತಾಯಿ. ದೇವ್ರ ಹತ್ರ ಇದೆ, ಎಲ್ಲಿಗೂ ಹೋಗಲ್ಲ" ಎಂದರು. ಮಡಿಯಲ್ಲಿದ್ದರೂ ಅವಳನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು.

ದಶಮಿಯ ದಿನ ಮರುಪೂಜೆಯಾದ ಮೇಲೆ ಎಲ್ಲರೂ ಒಂದು ಸಾಲಾದರೂ ಓದುವುದು ನಮ್ಮಲ್ಲಿ ಪದ್ಧತಿ. ನಮ್ಮ ಟೇಪಿಗೆ ಕ್ಯಾಸೆಟ್ ಹಾಕಿದೆವು. "ಅವಸರ ಇಲ್ಲ ಮರಿ, ಬೆರಳಿಡು" ಎಂದಿತು ಮಿಸ್ಸಿನ ದನಿ. ಮಗಳು ಪುಸ್ತಕ ತೆರೆದು ಬೆರಳಿಟ್ಟಳು. ಪಾಠ ಮುಗಿದು ಬರೀ ಸರಸರ ಸದ್ದು ಉಳಿಯಿತು. ಅದನ್ನು ನಿಲ್ಲಿಸಿ, ಮೊದಲ ಸಾಲಿಗೆ ಬಂದು, ಈ ಸಲ ತಾನೇ ಓದಿದಳು. ತಡವರಿಸಿದಳು, ನಿಂತಳು, ಕೊನೆ ಮುಟ್ಟಿಸಿದಳು. ತಾಯಿ ಸರಸ್ವತಿ ಅಷ್ಟಾದರೂ ಕರುಣಿಸಿದಳು. ಕೇಳಬೇಕಾದವರು ಮಾತ್ರ ಇರಲಿಲ್ಲ.

"ಮುಂದಿನ ಪಾಠ ಯಾರಮ್ಮ ಓದಿಕೊಡ್ತಾರೆ?"

"ನಾನು ಓದ್ತೀನಿ. ನಿಧಾನಕ್ಕೆ ಓದ್ತೀನಿ" ಎಂದೆ. ಆ ತಾಳ್ಮೆ ನನಗೆಲ್ಲಿಂದ ಬರಬೇಕೋ ಗೊತ್ತಿರಲಿಲ್ಲ.

ಒಲೆಯ ಮೇಲೆ ಕಡಲೆಕಾಳು ಬೆಂದಿತ್ತು. ಎದ್ದು ಹೋಗಿ ಉಸಲಿಗೆ ಒಗ್ಗರಣೆ ಹಾಕಿದೆ.