ಹಿಮದ ನಾಡಿನ ಮೌನಿ

ದರ್ಜಿಯ ಹೆಂಡತಿ ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆಯೊಂದಿಗೆ ಮಾತುಕತೆ ಅಷ್ಟಕ್ಕಷ್ಟೇ. ಗಂಡ ಸತ್ತಾಗಲೂ ಅಳದ ಹೆಂಗಸು ನಿನ್ನತ್ತೆ ಎಂದು ನೆರೆಯವಳು ಮೊದಲ ವಾರವೇ ಕಿವಿ ಕಚ್ಚಿದ್ದಳು. ಅತ್ತೆ ಸೊಸೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಎದುರುಬದುರು ಕೂತು ಗುಂಡಿ ತೂರುವ ಕಾಜಾ ಮಾಡುವರು, ಗುಂಡಿ ಹಚ್ಚುವರು. ಕೇಳಿಸುತ್ತಿದ್ದುದು ಹೊರಗಿನ ಮಷಿನ್ನಿನ ಸದ್ದು ಮಾತ್ರ.

ಅಷ್ಟರಲ್ಲಿ ಅತ್ತೆಗೆ ಕಣ್ಣಿನ ಆಪರೇಷನ್ ಆಯಿತು. ಸೂಜಿ ಮುಟ್ಟಬೇಡಿ ಎಂದರು ಡಾಕ್ಟರು. ಕೈಕಟ್ಟಿ ಕೂತ ಅತ್ತೆ ಕಂಡಕಂಡವರ ಮೇಲೆ ಸಿಡುಕತೊಡಗಿದರು. ತಡೆಯಲಾರದೆ ಸೊಸೆ ಲೈಬ್ರರಿಗೆ ಹೋಗಿ, ದಪ್ಪ ನೋಡಿ ಒಂದು ಕಾದಂಬರಿ ತಂದು ಅತ್ತೆಗೆ ಓದಿ ಹೇಳತೊಡಗಿದಳು. ಯಾವುದೋ ಹಿಮದ ನಾಡಿನವರ ಕಥೆ. ಹೆಸರುಗಳು ನಾಲಿಗೆಯ ಮೇಲೆ ಹೊರಳಲೇ ಒಲ್ಲವು.

"ಹಲ್ಲು ಉದುರೀತು, ಬಿಡು. ಆ ಗಡ್ಡದವನು ನಮಗೆ ಗಡ್ಡಪ್ಪ. ಮಾತಾಡದ ಅವನ ಹೆಂಡತಿ ಮೌನಿ. ಮುಂದಕ್ಕೆ ಓದು," ಎಂದರು ಅತ್ತೆ.

ಮೊದಲ ದಿನಗಳಲ್ಲಿ ಇಬ್ಬರಿಗೂ ಕಂಡದ್ದೆಲ್ಲ ತಪ್ಪೇ. ಆ ಜನ ಹಸಿ ಮೀನು ತಿನ್ನುತ್ತಾರೆ, ಕೇಳದೆ ಕೂಗದೆ ಇನ್ನೊಬ್ಬರ ಡೇರೆಗೆ ನುಗ್ಗುತ್ತಾರೆ. ಬೇಟೆಗೆ ಹೋದ ಗಡ್ಡಪ್ಪ ತಿಂಗಳುಗಟ್ಟಲೆ ಬಿಟ್ಟು ಬಂದರೂ ಮೌನಿ ತುಟಿ ಬಿಚ್ಚುವುದಿಲ್ಲ.

"ಇದೆಂಥಾ ಸಂಸಾರಾನೇ? ನಡುವೆ ಹಾಳೆ ಹರಿದಿದೆಯೇನೋ ನೋಡು."

ಸೊಸೆ ನಿಜಕ್ಕೂ ನೋಡಿದಳು. ಹಾಳೆಗಳೆಲ್ಲ ನೆಟ್ಟಗಿದ್ದವು.

ಕೊನೆಗೆ ಒಂದು ಮಧ್ಯಾಹ್ನ ಗಡ್ಡಪ್ಪ ಮಂಜುಗಡ್ಡೆ ಬಿರಿದು ಮುಳುಗಿಹೋದ. ಮೌನಿ ಅಳಲಿಲ್ಲ. ದಿನವೂ ಅವನ ಚರ್ಮದ ಬೂಟುಗಳಿಗೆ ಕೊಬ್ಬು ತಿಕ್ಕಿ, ಮೆತ್ತಗೆ ಮಾಡಿ, ಬಾಗಿಲಲ್ಲಿ ಇಡುತ್ತಿದ್ದಳು.

ಸೊಸೆಗೆ ರೇಗಿತು. "ಕಲ್ಲು ಮನಸ್ಸು. ಒಂದು ಹನಿ ಕಣ್ಣೀರಿಲ್ಲ ನೋಡಿ ಅತ್ತೆ," ಎಂದು ಪುಸ್ತಕ ಮುಚ್ಚಿದಳು.

ಅತ್ತೆ ತಡವಿ ಪುಸ್ತಕದ ಮೇಲೆ ಕೈಯಿಟ್ಟರು.

"ಅವಳು ಅಳ್ತಾನೇ ಇದಾಳೆ ಕಣೇ. ನಿನಗೆ ಕೇಳಿಸಲಿಲ್ಲ." ಆಮೇಲೆ ದನಿ ಇಳಿಸಿ, "ನಿಮ್ಮ ಮಾವ ಹೋದಾಗ ನನಗೂ ಕಣ್ಣೀರು ಬರಲಿಲ್ಲ. ಜನ ಆಡಿಕೊಂಡರು. ಅವರದೊಂದು ಹಳೇ ಕೋಟಿತ್ತು. ಗುಂಡಿ ಬಿಚ್ಚೋದು, ಹಚ್ಚೋದು, ಮತ್ತೆ ಬಿಚ್ಚೋದು. ಎಷ್ಟು ದಿನ ಹಾಗೆ ಮಾಡಿದೆನೋ," ಎಂದರು.

ಸೊಸೆ ಎದ್ದು ಬಂದು ಅವರ ಪಕ್ಕದಲ್ಲಿ ಕೂತಳು.

"ಮೊದಲಿಂದ ಓದು. ನಾವು ಸರಿಯಾಗಿ ಕೇಳಿಸಿಕೊಂಡಿಲ್ಲ," ಎಂದರು ಅತ್ತೆ.

ಈ ಸಲ ಸೊಸೆಗೆ ಕಾಣಿಸಿತು: ಗಂಡ ಮರಳಿದ ದಿನ ಮೌನಿ ಮಾತಾಡದಿದ್ದರೂ, ತನ್ನ ಕಡೆಯಿದ್ದ ದೀಪವನ್ನು ಅವನ ಕಡೆಗೆ ಸರಿಸಿದ್ದಳು. ಎಂಥ ಸಾಲು ತಪ್ಪಿಹೋಗಿತ್ತು ಎಂದು ಅಲ್ಲಿಯೇ ಓದು ನಿಲ್ಲಿಸಿದಳು. ಅತ್ತೆ ಅವಸರ ಮಾಡಲಿಲ್ಲ.

ಕಣ್ಣು ಸರಿಹೋಗಿ ಅತ್ತೆ ಮತ್ತೆ ಸೂಜಿ ಹಿಡಿದ ಮೇಲೂ ಓದು ನಿಲ್ಲಲಿಲ್ಲ. ಅವರು ಹೊಲಿಯುವರು, ಇವಳು ಓದುವಳು. ಇವಳ ಪಾಲಿನ ಕಾಜಾಗಳೂ ಎಷ್ಟೋ ಸಲ ಅತ್ತೆಯ ಕೈಯಲ್ಲೇ ಮುಗಿದವು. ಅತ್ತೆ ಸಾಯುವವರೆಗೂ ಹಾಗೇ ನಡೆಯಿತು.

ಈಗ ಅಂಗಡಿ ಮಗನದು, ಇವಳ ತಲೆಯೂ ಬೆಳ್ಳಗಾಗಿದೆ. ಮನಸ್ಸಿನಲ್ಲೇ ಓದಿಕೊಳ್ಳುವುದು ಮಾತ್ರ ಇವಳಿಗೆ ಒಗ್ಗಲೇ ಇಲ್ಲ. ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಓದುತ್ತಾಳೆ.