ಕೂಗ್ತಿರೋದು ಯಾವ ಬೆಡ್ಡು?

ನಮ್ಮ ಮಾವನವರ ನಾಡಿ ನಿಧಾನ. ಮೊದಲಿನಿಂದಲೂ ಹಾಗೇ. (ಅವರೂ ಹಾಗೇ. ಬಸ್ಸು ಬಂದ ಮೇಲೆ ಚಪ್ಪಲಿ ಹುಡುಕುವವರು.) ಹಿರಿಯೂರಿನ ಡಾಕ್ಟರೊಬ್ಬರು ಹಿಂದೆಯೇ "ಇದು ನಿಮ್ಮ ಮೈಗುಣ, ಹೆದರಬ್ಯಾಡ್ರಿ" ಎಂದಿದ್ದರು. ಆದರೆ ಅದನ್ನು ಮಾನಿಟರ್‌ಗೆ ಹೇಳುವವರು ಯಾರು?

ಕಳೆದ ವಾರ ಚಿತ್ರದುರ್ಗದ ಆಸ್ಪತ್ರೆಯೊಂದರಲ್ಲಿ ಅವರಿಗೆ ಹರ್ನಿಯಾ ಆಪರೇಷನ್ ಆಯಿತು. ವಾರ್ಡಿಗೆ ತಂದು ಎದೆಗೆ ವೈರು, ಬೆರಳಿಗೆ ಕ್ಲಿಪ್ಪು ಹಾಕಿದರು. ಶುರುವಾಯಿತು ನೋಡಿ! ಟೀಂ, ಟೀಂ, ಟೀಂ. ನಾಡಿ ಇಷ್ಟಕ್ಕಿಂತ ಇಳಿದರೆ ಕೂಗು ಎಂದು ಮಿಷನ್ನಿಗೆ ಹೇಳಿಟ್ಟಿದ್ದಾರೆ. ಮಾವನವರದು ಯಾವಾಗಲೂ ಇಳಿದೇ ಇರುತ್ತದೆ.

ಸಿಸ್ಟರ್ ಓಡಿ ಬಂದರು. ಗುಂಡಿ ಒತ್ತಿ ಸುಮ್ಮನಾಗಿಸಿದರು. ಬಾಗಿಲು ದಾಟುವಷ್ಟರಲ್ಲಿ ಮತ್ತೆ ಟೀಂ. ಇಡೀ ವಾರ್ಡಿಗೆ ಅವರೊಬ್ಬರೇ. ಊಟದ ಹೊತ್ತಿಗೆ ಓಟ ನಡಿಗೆಯಾಯಿತು. ಆಮೇಲೆ ಅದೂ ಇಲ್ಲ. "ನಿಮ್ಮ ಮಾವಂದೇ ಸರ್, ಆ ಗುಂಡಿ ಒತ್ತಿಬಿಡ್ರಿ."

"ಲಿಮಿಟ್ ಇಳಿಸಬಾರದಾ?" ಎಂದೆ.

"ಕೇಳ್ತಾನೇ ಇದೀನಿ. ಡಾಕ್ಟ್ರು ಹೇಳದೆ ನಾನು ಮುಟ್ಟಂಗಿಲ್ಲ."

ಡ್ಯೂಟಿ ಡಾಕ್ಟರನ್ನು ಕೇಳಿದೆ. "ಇರ್ಲಿ ಬಿಡ್ರಿ, ಸೇಫ್ಟಿಗೆ" ಎಂದು ಹೊರಟೇ ಹೋದರು. ಯಾರ ಸೇಫ್ಟಿಗೆ?

ಸಂಜೆ ಮತ್ತೆ ಕೂಗಿತು. ಪೇಪರಿನಿಂದ ತಲೆ ಎತ್ತದೆ ಕೈಚಾಚಿ ಗುಂಡಿ ಒತ್ತಿದೆ. ನಿಲ್ಲಲಿಲ್ಲ. ಮತ್ತೆ ಒತ್ತಿದೆ. ವಾರ್ಡಿನ ಆ ತುದಿಯಲ್ಲಿ ಯಾರಿಗೋ ಡ್ರಿಪ್ ಹಾಕುತ್ತಿದ್ದ ಸಿಸ್ಟರ್ ತಿರುಗಿಯೂ ನೋಡಲಿಲ್ಲ. ದಿನವಿಡೀ ಸುಳ್ಳು ಕೂಗು ಕೇಳಿದವರು ಯಾಕಾದರೂ ನೋಡಿಯಾರು?

"ಅಳಿಯಂದ್ರೇ, ಇದು ನಂದಲ್ರೀ!" ಎಂದರು ಮಾವ. "ಆ ಅಜ್ಜಿನ ನೋಡ್ರಿ!"

ಪಕ್ಕದ ಬೆಡ್ಡಿನಲ್ಲಿ ರಾಮಗಿರಿಯ ಅಜ್ಜಿ. ಕೂಗುತ್ತಿದ್ದುದು ಅವರ ಮಾನಿಟರ್. ಜೊತೆಗಿದ್ದ ಸೊಸೆ ಕಾಫಿ ತರಲು ಹೋಗಿದ್ದರು. ಆಕ್ಸಿಜನ್ ಮಾಸ್ಕ್ ಜಾರಿ ಕೊರಳಿಗೆ ಬಂದಿತ್ತು. ತುಟಿ ನೀಲಿಗಟ್ಟಿತ್ತು.

"ಸಿಸ್ಟರ್!" ಎಂದು ಚೀರಿದೆ. ಓಡಿ ಬಂದು ಮಾಸ್ಕ್ ಸರಿಮಾಡಿದರು. ಅಜ್ಜಿಯನ್ನು ಎತ್ತಿ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದರು. ನಿಧಾನಕ್ಕೆ ಮುಖದಲ್ಲಿ ಕಳೆ ಬಂತು.

"ನಾನೂ ನಿಮ್ಮ ಮಾವಂದೇ ಅನ್ಕಂಡೆ ಸರ್" ಎಂದರು ಸಿಸ್ಟರ್.

ಅಜ್ಜಿ ಸುಧಾರಿಸಿಕೊಂಡ ಮೇಲೆ ಸಿಸ್ಟರ್ ಸೀದಾ ಡಾಕ್ಟರ ರೂಮಿಗೆ ನುಗ್ಗಿದರು. "ಬರ್ರಿ ಸರ್, ಈಗ್ಲೇ ಇಳಿಸ್ರಿ. ಇಲ್ಲಾಂದ್ರೆ ಈ ವಾರ್ಡಲ್ಲಿ ನಾನು ಕೆಲಸ ಮಾಡಲ್ಲ!" ಇಡೀ ವಾರ್ಡಿಗೆ ಕೇಳಿಸಿತು. (ಕೇಳಿಸಲಿ ಬಿಡಿ.)

ಡಾಕ್ಟರ್ ಬಂದರು. ಮಾವನವರ ಹಳೆಯ ಇಸಿಜಿ ನೋಡಿದರು. ಎರಡು ಗುಂಡಿ ಒತ್ತಿದರು. ವಾರ್ಡು ನಿಶ್ಶಬ್ದವಾಯಿತು.

ಅಷ್ಟೇ ಸ್ವಾಮಿ, ಎರಡು ಗುಂಡಿಯ ಕೆಲಸ. ಅದಕ್ಕೆ ಅಜ್ಜಿಯೊಬ್ಬರ ಉಸಿರು ಕಟ್ಟಬೇಕಿತ್ತೇ?