ಮಲಕಿಯ ಬೀಗದ ಕೈ

ನಮ್ಮೂರು ಕಿಲ್‌ವರನ್‌ನ ಪಾಳು ಇಗರ್ಜಿಗೆ ಸೂರಿಲ್ಲ, ಬಾಗಿಲಿಲ್ಲ. ಸುತ್ತಲಿನ ಕಲ್ಲುಗೋಡೆ ಒಂದು ಕಡೆ ನಮ್ಮಪ್ಪನ ಕಾಲದಲ್ಲೇ ಕುಸಿದು, ದನಗಳು ರಾಜಾರೋಷವಾಗಿ ಒಳಗೆ ಹೋಗಿ ಸಮಾಧಿಗಳ ನಡುವೆ ಮೇಯುತ್ತವೆ. ಆದರೆ ಮುಂದಿನ ಗೇಟಿಗೆ ಮಾತ್ರ ಬೀಗವಿದೆ. ಬೀಗವಿದ್ದ ಮೇಲೆ ಅದರ ಕೈ ಇಟ್ಟುಕೊಂಡು ಮೆರೆಯುವವನೊಬ್ಬ ಬೇಕಲ್ಲ, ಅವನೇ ನನ್ನ ನೆರೆಮನೆಯ ಮಲಕಿ ಟೂಹಿ.

ಇಗರ್ಜಿ ನೋಡಲು ಬಂದವರು ಇವನ ಬಾಗಿಲು ತಟ್ಟಬೇಕು. ಮಲಕಿ ಒಲೆಯ ಮುಂದೆ ಸುಮ್ಮನೆ ಕೂತಿದ್ದರೂ ಎರಡನೇ ಸಲ ತಟ್ಟುವ ತನಕ ಏಳುವವನಲ್ಲ. ಆಮೇಲೆ ಎಲ್ಲಿಂದ ಬಂದಿರಿ, ಯಾರ ಪೈಕಿ, ಭಾನುವಾರ ಪೂಜೆಗೆ ಹೋಗುತ್ತೀರಾ ಎಂದು ವಿಚಾರಣೆ. ಪಾಪ, ಅವರು ಮಳೆಯಲ್ಲಿ ನಿಂತು ಉತ್ತರ ಕೊಡುತ್ತಿದ್ದರು.

ಕೆಳಗಿನ ರಸ್ತೆಯ ನೋನಿ ಹೆಹರ್ ಮಾತ್ರ ಇವನಿಗೆ ಸೊಪ್ಪು ಹಾಕುತ್ತಿರಲಿಲ್ಲ. ಇಬ್ಬರೂ ಒಂದೇ ವಯಸ್ಸಿನವರು, ಒಂದೇ ಶಾಲೆಯವರು, ಇಬ್ಬರೂ ಮದುವೆಯಾಗದೆ ಉಳಿದವರು. ಅವಳು ಕೈತುಂಬ ಹಳದಿ ಹೂ ಹಿಡಿದು ಗೋಡೆ ಕುಸಿದ ಸಂದಿಯಿಂದಲೇ ತಾಯಿಯ ಸಮಾಧಿಗೆ ಹೋಗುತ್ತಿದ್ದಳು.

"ಬಂದು ಕೀ ಕೇಳೋಕೆ ಏನೇ ರೋಗ ನಿಂಗೆ?" ಎಂದು ಇವನು ಮನೆ ಬಾಗಿಲಿಂದ ಕೂಗುತ್ತಿದ್ದ.

"ನಮ್ಮವ್ವನ್ನ ನೋಡೋಕೆ ನಿನ್ನ ಅಪ್ಪಣೆ ಬೇಕೇನೋ? ಮೊದ್ಲು ಆ ದನಗಳನ್ನ ಕೇಳು, ಅವೇನು ಕೀ ಇಸ್ಕೊಂಡು ಬಂದ್ವಾ?"

ನಮ್ಮ ಕಡೆ ಒಂದು ನಂಬಿಕೆ. ಕೊನೆಯದಾಗಿ ಮಣ್ಣಾದವರ ಆತ್ಮ ಮುಂದಿನ ಹೆಣ ಬರುವ ತನಕ ಸ್ಮಶಾನದ ಗೇಟು ಕಾಯಬೇಕು. ಹಾಗಾಗಿ ಒಂದೇ ದಿನ ಎರಡು ಹೆಣ ಬಂದರೆ ತಮ್ಮದೇ ಮೊದಲು ಒಳಗೆ ಹೋಗಲಿ ಎಂದು ನಮ್ಮವರು ಹೆಣದ ಪೆಟ್ಟಿಗೆ ಹೊತ್ತು ಓಡುತ್ತಾರೆ. ಜಪಮಾಲೆ ಹಿಡಿದುಕೊಂಡೇ ಒಬ್ಬರನ್ನೊಬ್ಬರು ಬೈಯುತ್ತಾ ಓಡಿದ ಭಕ್ತರನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಸರ್ಕಾರದವರು ಇಲ್ಲಿ ಹಳೆಯ ಹಕ್ಕಿದ್ದವರನ್ನು ಬಿಟ್ಟು ಬೇರೆ ಯಾರನ್ನೂ ಹೂಳಬಾರದು ಎಂದರು. ಹಕ್ಕಿದ್ದವರು ಒಬ್ಬೊಬ್ಬರಾಗಿ ಮುಗಿದು ಕೊನೆಗೆ ಉಳಿದವರು ಇಬ್ಬರೇ, ಮಲಕಿ ಮತ್ತು ನೋನಿ. ಇವರಲ್ಲಿ ಕೊನೆಗೆ ಸತ್ತವರಿಗೆ ಲೋಕ ಮುಗಿಯುವ ತನಕ ಕಾವಲು ತಪ್ಪಿದ್ದಲ್ಲ.

"ಮೊದ್ಲು ಹೋಗೋನು ನಾನೇ," ಎಂದು ಮಲಕಿ ಪಬ್ಬಿನಲ್ಲಿ ಸಾರಿದ.

"ಹೊರಡಪ್ಪ, ನಾನೇನು ತಡೆದಿದ್ದೀನಾ?" ಎಂದಳು ನೋನಿ.

ಆದರೆ ಒಂದು ಕೆಮ್ಮು ಬಂದರೂ ಡಾಕ್ಟರ ಹತ್ತಿರ ಓಡುತ್ತಿದ್ದವನು ಇವನೇ. ನೋನಿಗಿಂತ ಮೊದಲು ಸಾಯಬೇಕು, ಆದರೆ ಸಾಯಬಾರದು. ಈ ಸಂಕಟದಲ್ಲಿ ಅವನು ತೆಳ್ಳಗಾದ.

ಫೆಬ್ರವರಿಯಲ್ಲಿ ನೋನಿ ಅರ್ಧ ಕಪ್ ಚಹಾ ಉಳಿಸಿ ಕುರ್ಚಿಯಲ್ಲೇ ಹೋಗಿಬಿಟ್ಟಳು. ಮಲಕಿ ಬೀಗಕ್ಕೆ ಎಣ್ಣೆ ಬಿಟ್ಟು, ಕೋಟು ತೊಟ್ಟು, ಎಲ್ಲರನ್ನೂ ಕಾಯಿಸಿ ಗೇಟು ತೆರೆದ. ಜೀವಮಾನದಲ್ಲಿ ಮೊದಲ ಸಲ ಅವಳು ಗೇಟಿನಿಂದ ಒಳಗೆ ಹೋದಳು. ಅವನ ಮುಖದಲ್ಲಿನ ಗೆಲುವು ನೋಡಿ ನನಗೆ ಅಸಹ್ಯವಾಯಿತು. ಅಂದು ಸಂಜೆಯೇ ಹೇಳಿಬಿಟ್ಟ: "ನಾನು ಫುಟ್‌ಬಾಲ್ ಮೈದಾನದ ಹತ್ತಿರದ ಹೊಸ ಸ್ಮಶಾನಕ್ಕೆ ಹೋಗ್ತೀನಿ. ಅವಳೇ ಕಾಯ್ಲಿ." ಆ ಸ್ಮಶಾನವನ್ನು ಆಲೂಗಡ್ಡೆ ಹೊಲ ಎಂದು ಹಂಗಿಸಿದವನು ಇವನೇ.

ಮುಂದಿನ ವಾರಗಳಲ್ಲಿ ಸಂದಿಯ ಕಡೆಗೆ ಕೂಗಲು ಅವನಿಗೆ ಯಾರೂ ಇರಲಿಲ್ಲ. ಸುಮ್ಮನೆ ಬಾಗಿಲಲ್ಲಿ ನಿಂತು ದನಗಳನ್ನು ನೋಡುತ್ತಿದ್ದ.

ಈಸ್ಟರ್ ಕಳೆದ ಮೇಲೆ ನಮ್ಮ ಎಳೆಯ ಪಾದ್ರಿ ಫಾದರ್ ಕಿಲೀನ್ ಹೊಸ ಸ್ಮಶಾನದಲ್ಲಿ ಜಾಗ ಗೊತ್ತು ಮಾಡಲು ಮಲಕಿಯ ಮನೆಗೆ ಬಂದರು. ನಾನೂ ಚಹಾಕ್ಕೆ ಕೂತಿದ್ದೆ.

"ಬೇಡ ಫಾದರ್. ನನ್ನನ್ನ ಇಲ್ಲೇ ಹಾಕಿ."

"ಹಾಗಾದ್ರೆ ಕಾವಲು ನಿಮ್ಮ ತಲೆಗೇ ಬರುತ್ತಲ್ಲ ಮಲಕಿ?"

"ಅವಳನ್ನ ನಂಬಿ ಗೇಟು ಬಿಡೋದಾ? ಯಾರು ಬಂದ್ರೂ ಬಾ ಒಳಗೆ ಅಂತಾಳೆ. ಒಂದೇ ಮಾತು ಫಾದರ್, ಕೀ ನನ್ನ ಜೊತೆ ಪೆಟ್ಟಿಗೇಲಿರ್ಬೇಕು. ಮನೆಯಿಂದ ಹೊರಡೋಕೆ ಮೊದ್ಲೇ ಮೊಳೆ ಹೊಡೆದುಬಿಡಿ."

ನನಗೆ ನಗು ತಡೆಯಲಾಗಲಿಲ್ಲ. "ಮತ್ತೆ ಗೇಟು ತೆಗೆಯೋದು ಹೇಗೋ ಮಹರಾಯ? ನಿನ್ನನ್ನ ಒಳಗೆ ತರೋದು ಎಲ್ಲಿಂದ?"

ಮಲಕಿ ಕಪ್ಪನ್ನು ಕೆಳಗಿಟ್ಟ.

"ನೋನಿ ಬರ್ತಿದ್ದ ಸಂದಿಯಿಂದ ತನ್ನಿ," ಎಂದ.